ಸ್ಟವ್ ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ

ನನ್ನ ಬಲಗೈ ಮೇಲಿನ ರೋಮ ಇನ್ನೂ ಸರಿಯಾಗಿ ಬೆಳೆದಿಲ್ಲ. ಎಡ ಹುಬ್ಬಿನ ತುದಿಯೂ ಬೋಳಾಗಿಯೇ ಇದೆ. ಚಾರಣಕ್ಕೆ ಒಯ್ಯಲು ಪುಟ್ಟ ಗ್ಯಾಸ್ ಸ್ಟವ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಹಣ ಕೊಡಿ.

ನಾನು ಸ್ಟವ್ ಆರಿಸಿದ್ದು ತೂಕ ಮತ್ತು ನೀರು ಕುದಿಸುವ ವೇಗ ಎರಡನ್ನೇ ನೋಡಿ. ಮಡಚಿದರೆ ಮುಷ್ಟಿಯಷ್ಟು, ಬಿಡಿಸಿದರೆ ಜೇಡದಂತೆ ಮೂರು ಕಾಲು, ಗ್ಯಾಸ್ ಡಬ್ಬಿಗೆ ಜೋಡಿಸಲು ಮೊಳದುದ್ದದ ಕೊಳವೆ. ಒಂದು ಲೀಟರ್ ನೀರು 4 ನಿಮಿಷದಲ್ಲಿ ಕುದಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅದೇನೂ ಸುಳ್ಳಲ್ಲ, ಅಡುಗೆಮನೆಯ ಕಟ್ಟೆಯ ಮೇಲೆ ಗಡಿಯಾರ ಇಟ್ಟುಕೊಂಡು ನಾನೇ ನೋಡಿದೆ. ಅಡುಗೆಮನೆಯಲ್ಲಿ ಗಾಳಿ ಬೀಸುವುದಿಲ್ಲ, ಡಬ್ಬಿಗೆ ಚಳಿಯೂ ಆಗುವುದಿಲ್ಲ ಎಂಬುದು ಮಾತ್ರ ಆಗ ತಲೆಗೆ ಹೊಳೆಯಲಿಲ್ಲ.

ಆ ಸ್ಟವ್‌ಗೆ ಬೇಕಾದದ್ದು ತಿರುಪಿನ ಬಾಯಿಯ ಗಿಡ್ಡ ಡಬ್ಬಿ. ಅದು ದುಬಾರಿ. ಮೇಜಿನ ಮೇಲಿಡುವ ಚಪ್ಪಟೆ ಸ್ಟವ್‌ಗೆ ಹಾಕುವ ಉದ್ದನೆಯ ಡಬ್ಬಿ ಅಗ್ಗ. ಈ ಉದ್ದ ಡಬ್ಬಿಯನ್ನು ನನ್ನ ಸ್ಟವ್‌ಗೆ ಹೊಂದಿಸುವ ಅಡಾಪ್ಟರ್ ಒಂದಿದೆ ಎಂದು ತಿಳಿದಾಗ ಭಾರೀ ಜಾಣತನ ಮಾಡಿದೆನೆಂದು ಬೀಗಿ, ಅದರ ಜೊತೆಗೆ ಮೂರು ಉದ್ದ ಡಬ್ಬಿ ಕೊಂಡೆ. ಮುಂದೆ ಆದದ್ದೆಲ್ಲ ಆ ಉಳಿತಾಯದ ಫಲ.

ಈ ಉದ್ದ ಡಬ್ಬಿಯ ಕುತ್ತಿಗೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಡಬ್ಬಿಯನ್ನು ಮಲಗಿಸಿದಾಗ ಕಚ್ಚು ಮೇಲ್ಮುಖವಾಗಿಯೇ ಇರಬೇಕು. ಒಳಗೊಂದು ಬಾಗಿದ ನಳಿಕೆಯಿದ್ದು, ಕಚ್ಚು ಮೇಲಿದ್ದರೆ ನಳಿಕೆಯ ಬಾಯಿ ದ್ರವಕ್ಕಿಂತ ಎತ್ತರದಲ್ಲಿದ್ದು ಬರೀ ಅನಿಲವನ್ನೇ ಹೊರಬಿಡುತ್ತದೆ. ಮೇಜಿನ ಸ್ಟವ್‌ನಲ್ಲಿ ಡಬ್ಬಿ ಕೂರುವುದೇ ಆ ಕಚ್ಚಿಗೆ ಹೊಂದಿಕೊಂಡು. ನನ್ನ ಅಡಾಪ್ಟರ್‌ನಲ್ಲಿ ಹೇಗೆ ತಿರುಗಿಸಿದರೂ ಕೂರುತ್ತಿತ್ತು. ಚಾರಣದ ಮೊದಲ ಸಂಜೆಯೇ ಕಚ್ಚನ್ನು ಕೆಳಮುಖವಾಗಿಟ್ಟು ಕೂರಿಸಿದೆ, ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ನಾಬ್ ತಿರುಗಿಸಿ, ಬಗ್ಗಿ, ಲೈಟರ್ ಒತ್ತಿದೆ. ಕೊಳವೆಯಲ್ಲಿ ಬಂದದ್ದು ಅನಿಲವಲ್ಲ, ದ್ರವ. ಡಬ್ಬಿಯಲ್ಲಿದ್ದ ಇಂಧನ, ಅಂದರೆ ದ್ರವ ಬ್ಯುಟೇನ್, ಆವಿಯಾದರೆ 200 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಭುಗ್ ಎಂದು ಹಳದಿ ಜ್ವಾಲೆ ನನ್ನ ಮುಖದವರೆಗೆ ಎದ್ದಿತು. ನಾಬ್ ಮುಚ್ಚಿದ ತಕ್ಷಣ ಆರಿತೇ? ಇಲ್ಲ. ಕೊಳವೆಯೊಳಗೆ ಉಳಿದಿದ್ದ ದ್ರವ ಪೂರ್ತಿ ಮುಗಿಯುವವರೆಗೂ ಉರಿಯಿತು. ಆ ಕೆಲವು ಸೆಕೆಂಡುಗಳಲ್ಲಿ ಮಾಡಲು ಏನೂ ಇರಲಿಲ್ಲ, ಸುಟ್ಟ ಕೂದಲಿನ ವಾಸನೆ ಕುಡಿಯುವುದನ್ನು ಬಿಟ್ಟು.

ದ್ರವವನ್ನೇ ಉರಿಸಲೆಂದು ಮಾಡಿದ ಸ್ಟವ್‌ಗಳೂ ಇವೆ. ಅವುಗಳಲ್ಲಿ ಬರ್ನರ್‌ಗೆ ಸೇರುವ ಮುನ್ನ ಒಂದು ಲೋಹದ ನಳಿಕೆ ಜ್ವಾಲೆಯ ಮೂಲಕವೇ ಹಾದುಹೋಗುತ್ತದೆ, ದ್ರವ ಅಲ್ಲೇ ಕಾದು ಆವಿಯಾಗುತ್ತದೆ. ನನ್ನದರಲ್ಲಿ ಅದಿರಲಿಲ್ಲ. ಕೊಳ್ಳುವಾಗ ಆ ನಳಿಕೆ ಇದೆಯೇ ಎಂದು ಕಣ್ಣಾರೆ ನೋಡಿ. ಕೊಳವೆ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಕಚ್ಚಿನ ಗುಟ್ಟು ಪೊಟ್ಟಣದ ಮೇಲಿನ ಚಿತ್ರದಿಂದ ತಿಳಿಯಿತು. ಆ ರಾತ್ರಿ ಹೇಗೋ ನಡೆಯಿತು. ಬೆಳಗಿನ ಜಾವ ಎದ್ದರೆ ಬಾಟಲಿಯ ನೀರಿನ ಮೇಲೆ ತೆಳ್ಳನೆ ಮಂಜುಗಡ್ಡೆಯ ಪೊರೆ. ಸ್ಟವ್ ಹಚ್ಚಿದೆ. ಬೆರಳ ತುದಿಯಷ್ಟು ನೀಲಿ ಉರಿ ಎದ್ದು, ನಡುಗಿ, ಕುಗ್ಗಿತು. ಡಬ್ಬಿ ಖಾಲಿಯಾಯಿತೆಂದು ಅಲುಗಾಡಿಸಿದರೆ ಒಳಗೆ ಗುಳುಗುಳು ಸದ್ದು, ಅರ್ಧಕ್ಕಿಂತ ಹೆಚ್ಚೇ ಇತ್ತು. ಬೇರೆ ಡಬ್ಬಿ ಹಾಕಿದರೂ ಅದೇ ಕಥೆ.

ಆಮೇಲೆ ತಿಳಿದದ್ದು ಶಾಲೆಯ ವಿಜ್ಞಾನವೇ. ಬ್ಯುಟೇನ್ ಕುದಿಯುವುದು ಸುಮಾರು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಡಬ್ಬಿಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡವನ್ನು ಮೀರುವುದಿಲ್ಲ, ಅನಿಲ ಹೊರಬರುವುದೇ ಇಲ್ಲ. ಬೆರಕೆ ಡಬ್ಬಿಗಳಲ್ಲಿರುವ ಬೇರೆ ಇಂಧನಗಳ ಪೈಕಿ ಐಸೊಬ್ಯುಟೇನ್ ಮೈನಸ್ 12ರ ಹತ್ತಿರ ಕುದಿಯುತ್ತದೆ, ಪ್ರೊಪೇನ್ ಮೈನಸ್ 42ರಲ್ಲಿ. ಎತ್ತರಕ್ಕೆ ಹೋದಂತೆ ಈ ಅಂಕಿಗಳು ಸ್ವಲ್ಪ ಇಳಿಯುತ್ತವೆ, ಆದರೆ ಅದನ್ನು ನಂಬಿ ಹೊರಡಬೇಡಿ. ನಾನು ಕೊಂಡ ಡಬ್ಬಿಯ ಮೇಲೆ ‘ಬ್ಯುಟೇನ್’ ಎಂದಷ್ಟೇ ಇತ್ತು.

ಚಳಿ ಅಷ್ಟಿಲ್ಲದ ಜಾಗಕ್ಕೆ ಹೋಗುವವರೂ ಇದನ್ನು ದಾಟಿ ಓದಬೇಡಿ. ದ್ರವ ಆವಿಯಾಗಲು ಬೇಕಾದ ಶಾಖ ಬರುವುದು ಡಬ್ಬಿಯಿಂದಲೇ. ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಉರಿಸಿದರೆ ಡಬ್ಬಿ ಸುತ್ತಲಿನ ಗಾಳಿಗಿಂತ ಬಹಳ ತಣ್ಣಗಾಗುತ್ತದೆ, ಹೊರಮೈ ಬೆವರುತ್ತದೆ. ಬೆರಕೆ ಅನಿಲದ ಡಬ್ಬಿಯಲ್ಲೂ ಒಂದು ಮೋಸವಿದೆ. ಡಬ್ಬಿಯನ್ನು ನೆಟ್ಟಗೆ ಇಟ್ಟು ಉರಿಸಿದರೆ ಪ್ರೊಪೇನ್ ಬೇಗ ಬೇಗ ಹೋಗಿ, ಕೊನೆಗೆ ಉಳಿಯುವುದು ಹೆಚ್ಚಾಗಿ ಬ್ಯುಟೇನೇ. ಮೊದಲ ದಿನ ಚೆನ್ನಾಗಿ ಉರಿದದ್ದು ಮೂರನೆಯ ದಿನ ಮುಷ್ಕರ ಹೂಡುತ್ತದೆ.

ಈಗ ಹೇಳಲು ನಾಚಿಕೆಯಾಗುವ ಭಾಗ. ಡಬ್ಬಿಗೆ ಚಳಿಯಾಗಿದೆ ತಾನೇ, ಸ್ವಲ್ಪ ಕಾವು ತಾಗಲಿ ಎಂದು ಅದನ್ನು ಬರ್ನರ್ ಬಳಿಗೆ ಎಳೆದು, ಅಲ್ಯೂಮಿನಿಯಂ ಹಾಳೆಯ ಗಾಳಿಮರೆಯನ್ನು ಎರಡಕ್ಕೂ ಸೇರಿಸಿ ಸುತ್ತಿದೆ. ಉರಿ ಚಿಗುರಿತು. ಹಾಳೆಯಿಂದ ಹೊಮ್ಮಿದ ಶಾಖಕ್ಕೆ ಡಬ್ಬಿ ಬಿಸಿಯಾಗಿ, ಒತ್ತಡ ಏರಿ, ಉರಿ ಭರ್ ಎನ್ನತೊಡಗಿತು. ನಾನು ಖುಷಿಯಿಂದ ಪಾತ್ರೆ ಇಡುತ್ತಿದ್ದರೆ ಜೊತೆಗಿದ್ದ ಗೆಳೆಯ ಗಾಳಿಮರೆಯನ್ನು ಕಾಲಿನಿಂದ ಒದ್ದು ಉರುಳಿಸಿ, “ಡಬ್ಬಿ ಮುಟ್ಟಿ ನೋಡು” ಎಂದ. ಬರಿಗೈಯಲ್ಲಿ ಹಿಡಿಯಲು ಆಗಲಿಲ್ಲ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ ಎಂದು ಅದೇ ಡಬ್ಬಿಯ ಮೇಲೆ ಅಚ್ಚಾಗಿತ್ತು. ಮೇಜಿನ ಸ್ಟವ್ ಬಳಸುವವರು ದೊಡ್ಡ ಬಾಣಲೆ ಇಟ್ಟಾಗಲೂ ಇದೇ ಅಪಾಯ. ಬಾಣಲೆಯ ಅಂಚು ಡಬ್ಬಿ ಇರುವ ಗೂಡಿನ ಮೇಲಕ್ಕೆ ಚಾಚಿದರೆ ಶಾಖ ನೇರ ಕೆಳಗಿಳಿಯುತ್ತದೆ. ಗಾಳಿಮರೆ ಬೇಕೇ ಬೇಕು, ಆದರೆ ಅದು ಬರ್ನರ್‌ಗೆ. ಡಬ್ಬಿ ಮರೆಯ ಹೊರಗೆ.

ಹಾಗಾದರೆ ಟೆಂಟ್ ಒಳಗೆ ಹಚ್ಚೋಣ ಎಂದೂ ನಾನು ಹೇಳಿದೆ. ಅವನು ಉತ್ತರವನ್ನೂ ಕೊಡಲಿಲ್ಲ, ಸ್ಟವ್ ಎತ್ತಿಕೊಂಡು ದೂರ ಹೋಗಿ ಕುಳಿತ. ಉರಿಯುವ ಸ್ಟವ್‌ನಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಟೆಂಟ್‌ನಲ್ಲಿ ನಿದ್ದೆಯ ಹಾಗೆಯೇ ಬರುತ್ತದೆ. ಆ ಬೆಳಿಗ್ಗೆ ತಣ್ಣೀರು ಕುಡಿದು ಇಳಿದೆವು.

ಈಗ ನಾನು ಮೊದಲು ನೋಡುವುದು ಇಂಧನ, ಸ್ಟವ್ ಆಮೇಲೆ. ಹೋಗುವ ಜಾಗದ ಮುಂಜಾವಿನ ಚಳಿ ಎಷ್ಟು, ಅಲ್ಲಿ ಯಾವ ಡಬ್ಬಿ ಸಿಗುತ್ತದೆ ಎಂದು ವಿಚಾರಿಸುತ್ತೇನೆ. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಇದು ಮೊದಲೇ ತಿಳಿದಿರಬೇಕು. ಸ್ಪಿರಿಟ್ ಸ್ಟವ್ ಬಗ್ಗೆಯೂ ಯೋಚಿಸಿದ್ದೆ. ಹಗುರ, ಕೆಡುವ ಭಾಗವೇ ಇಲ್ಲ. ಆದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ, ಆರಿದೆಯೆಂದುಕೊಂಡು ಮತ್ತೆ ಸುರಿಯುವಂಥ ಆಸಾಮಿ ನಾನೇ. ಹಾಗಾಗಿ ಐಸೊಬ್ಯುಟೇನ್, ಪ್ರೊಪೇನ್ ಬೆರೆತ ಗಿಡ್ಡ ಡಬ್ಬಿಗೇ ಬಂದು ನಿಂತಿದ್ದೇನೆ. ಚಳಿಯಿದ್ದರೆ ರಾತ್ರಿ ಅದು ನನ್ನ ಜೊತೆ ಮಲಗುವ ಚೀಲದೊಳಗೇ ಮಲಗುತ್ತದೆ. ಡಬ್ಬಿ ಜೋಡಿಸುವ ಮುನ್ನ ಸ್ಟವ್‌ನ ರಬ್ಬರ್ ಉಂಗುರ ಬಿರಿದಿಲ್ಲವೇ ಎಂದು ನೋಡಿ, ಜೋಡಿಸಿದ ಮೇಲೆ ಅನಿಲ ಸೋರುವ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳುತ್ತೇನೆ.

ಅಡಾಪ್ಟರನ್ನು ಮತ್ತೊಬ್ಬರ ಕೈಗೆ ಸಿಗದಿರಲೆಂದು ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದೆ. ಜೇಡದ ಕಾಲಿನ ಸ್ಟವ್ ಇನ್ನೂ ನನ್ನ ಬಳಿಯೇ ಇದೆ, ಅದರದೇನೂ ತಪ್ಪಿರಲಿಲ್ಲ.