ಜಿನೀವಾದ ಪ್ಲಾಸ್ಟಿಕ್ ಸಭೆಯಲ್ಲಿ ನನಗೆ ದಾರಿ ತೋರಿಸಿದ ಇಎನ್‌ಬಿ

ಅಂತಾರಾಷ್ಟ್ರೀಯ ಪರಿಸರ ಸಭೆಗೆ ಇಂಟರ್ನ್ ಆಗಿ ಹೊರಟವರಿಗೆ ನಾನು ಮೊದಲು ಹೇಳುವುದು ಅರ್ಥ್ ನೆಗೋಷಿಯೇಷನ್ಸ್ ಬುಲೆಟಿನ್, ಅಂದರೆ ಇಎನ್‌ಬಿ ಓದಿ ಅಂತ. ಸುಸ್ಥಿರ ಅಭಿವೃದ್ಧಿಯ ಬಗ್ಗೆ ಕೆಲಸ ಮಾಡುವ ಕೆನಡಾದ ಐಐಎಸ್‌ಡಿ ಸಂಸ್ಥೆ ನಡೆಸುವ ವರದಿ ಸೇವೆ ಇದು. 1992ರ ರಿಯೊ ಪರಿಸರ ಶೃಂಗಸಭೆಯ ಸಿದ್ಧತೆಯ ಕಾಲದಲ್ಲಿ ಹುಟ್ಟಿದ್ದು. ದುಡ್ಡು ಕೊಡಬೇಕಿಲ್ಲ.

2025ರ ಆಗಸ್ಟ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ ನಡೆಯಿತಲ್ಲ, ಅಲ್ಲಿಗೆ ಒಂದು ಸಣ್ಣ ಸಂಸ್ಥೆಯ ವೀಕ್ಷಕ ತಂಡದ ಜೊತೆ ಹೋಗಿದ್ದೆ. ಒಪ್ಪಂದದ ಕರಡಿನ ಭಾಗಗಳನ್ನು ನಾಲ್ಕು ಸಂಪರ್ಕ ಗುಂಪುಗಳಿಗೆ, ಅಂದರೆ ದೇಶಗಳು ಕೂತು ಪಠ್ಯವನ್ನು ಚರ್ಚಿಸುವ ಗುಂಪುಗಳಿಗೆ, ಹಂಚಿದ್ದರು. ಎಲ್ಲ ಕಡೆ ಕೂರುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಕೂತ ಕಡೆಯಾದರೂ ಅರ್ಥವಾಗುತ್ತಿತ್ತೇ? ಪರದೆಯ ಮೇಲೆ ಒಂದು ವಾಕ್ಯ. ಅದನ್ನು ಚೌಕ ಆವರಣದೊಳಗೆ ಹಾಕಿ ಅಂತ ಒಂದು ದೇಶ; ಇನ್ನೂ ಒಪ್ಪಿಗೆಯಾಗಿಲ್ಲ ಎಂಬುದರ ಗುರುತು ಅದು. ಆ ಆವರಣದೊಳಗೇ ನಮ್ಮ ಪರ್ಯಾಯವನ್ನೂ ಸೇರಿಸಿ ಅಂತ ಇನ್ನೊಂದು. ಮೂರು ಸಾಲಿದ್ದ ಪ್ಯಾರಾ ಊಟದ ಹೊತ್ತಿಗೆ ಇಡೀ ಪರದೆ ತುಂಬಿಕೊಂಡಿತ್ತು.

ನನ್ನ ಕಣ್ಣಿದ್ದದ್ದು ಪ್ಲಾಸ್ಟಿಕ್ ಉತ್ಪಾದನೆಗೆ ಮಿತಿ ಹಾಕುವ ಕಲಮಿನ ಮೇಲೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದರೂ ಕೆ.ಆರ್. ಮಾರುಕಟ್ಟೆಯಲ್ಲಿ ಸೊಪ್ಪು ಇನ್ನೂ ಅದೇ ತೆಳು ಚೀಲದಲ್ಲಿ ಕೈಗೆ ಬರುವುದನ್ನು ನೋಡುತ್ತಲೇ ಇದ್ದೇನೆ. ತಯಾರಾಗುವುದನ್ನು ತಡೆಯದೆ ಮಾರುವ ಅಜ್ಜಿಗೆ ದಂಡ ಹಾಕಿ ಏನು ಪ್ರಯೋಜನ?

ಹಾಗಾಗಿ ಬೆಳಿಗ್ಗೆ ಟ್ರಾಮ್‌ನಲ್ಲೇ ಇಎನ್‌ಬಿ ತೆರೆಯುತ್ತಿದ್ದೆ. ಹಿಂದಿನ ದಿನ ಯಾರು ಏನು ಕೇಳಿದರು, ಯಾರು ಒಪ್ಪಲಿಲ್ಲ, ಎಲ್ಲಿ ಸಿಕ್ಕಿಕೊಂಡಿತು, ಎಲ್ಲ ಚುಟುಕಾಗಿ ಇರುತ್ತಿತ್ತು. ವಿಶೇಷಣಗಳಿಲ್ಲ, ಯಾರ ಪರವೂ ಇಲ್ಲ. ಕೊನೆಯಲ್ಲಿ ಕಾರಿಡಾರ್ ಮಾತುಗಳಿಗೇ ಒಂದು ಪ್ಯಾರಾ; ಸಭೆಯ ನಾಡಿ ಸಿಗುವುದು ಅಲ್ಲಿ. ಮಾತುಕತೆಯ ಅಧ್ಯಕ್ಷರಾಗಿದ್ದ ಲೂಯಿಸ್ ವಯಾಸ್ ವಾಲ್ಡಿವಿಯೆಸೊ 13ರಂದು ಹಂಚಿದ ಕರಡಿನಲ್ಲಿ ಉತ್ಪಾದನೆಯ ಕಲಮೇ ಮಾಯವಾಗಿದ್ದಾಗ ನನಗೆ ಹೊಟ್ಟೆ ಉರಿಯಿತು. ಆದರೆ ಅದು ಹೇಗೆ ಹೋಯಿತೆಂದು ತಿಳಿಯಲು ಹಳೆಯ ಸಂಚಿಕೆಗಳೇ ಸಾಕಾದವು: ತೈಲ ದೇಶಗಳು ಮೊದಲಿನಿಂದಲೂ ಕಸ ನಿರ್ವಹಣೆಯಷ್ಟೇ ಸಾಕು ಎನ್ನುತ್ತ ಬಂದಿದ್ದವು, ಎಲ್ಲರ ಒಮ್ಮತವಿಲ್ಲದೆ ಏನೂ ಮುಂದೆ ಹೋಗುವಂತಿರಲಿಲ್ಲ.

14ರ ನಡುರಾತ್ರಿಗೆ ಸ್ವಲ್ಪ ಮುಂಚೆ ಸೇರಿದ, ಎಲ್ಲ ದೇಶಗಳೂ ಕೂರುವ ಪೂರ್ಣ ಸಭೆ ಒಂದು ನಿಮಿಷವೂ ನಡೆಯಲಿಲ್ಲ. 15ರ ಬೆಳಿಗ್ಗೆ ಒಪ್ಪಂದವಿಲ್ಲದೆ ಮುಂದೂಡಿದರು. ದಣಿದ ತಲೆಗೆ ಅಲ್ಲಿ ಏನಾಯಿತೆಂದು ಹೊಳೆಯಲೇ ಇಲ್ಲ. ಆಮೇಲೆ ಬಂದ ಇಎನ್‌ಬಿಯ ಸಾರಾಂಶ ವರದಿ ಓದಿದಾಗ ಅದೆಲ್ಲ ಒಂದು ಕ್ರಮಕ್ಕೆ ಬಂತು.

ಕೊರತೆಗಳೂ ಇವೆ. ಬಾಗಿಲು ಮುಚ್ಚಿ ನಡೆಸುವ ಮಾತುಕತೆಯ ಒಳಗುಟ್ಟು ಇದರಲ್ಲಿ ಸಿಗುವುದಿಲ್ಲ; ನಿಜವಾದ ಚೌಕಾಸಿ ನಡೆಯುವುದು ಅಲ್ಲೇ. ಸಂಕ್ಷೇಪಾಕ್ಷರಗಳ ರಾಶಿ ಹೊಸಬರನ್ನು ಹೆದರಿಸುತ್ತದೆ. ಕನ್ನಡದಲ್ಲಿ ಇಂಥದ್ದೊಂದು ಬರಬೇಕೆಂಬುದು ನನ್ನ ದೊಡ್ಡ ಆಸೆ, ಯಾಕೆಂದರೆ ಈ ಒಪ್ಪಂದದ ಫಲ ಉಣ್ಣಬೇಕಾದವರಲ್ಲಿ ನಮ್ಮ ಕಸ ಆಯುವವರೂ ಇದ್ದಾರೆ.

ಹೋಗುವವರು ವಿಮಾನ ಹತ್ತುವ ಮೊದಲು ಹಿಂದಿನ ಸಭೆಯ ಸಾರಾಂಶ ವರದಿ ಇಳಿಸಿಕೊಳ್ಳಿ. ಕೊನೆಯಲ್ಲಿರುವ ವಿಶ್ಲೇಷಣೆಯನ್ನು ಮೊದಲು ಓದಿ, ಆಮೇಲೆ ಉಳಿದದ್ದು.