ನಾಲ್ಕಾಣೆ, ಅಪ್ಪನ ರೇಡಿಯೋ ಮತ್ತು ಬ್ರಯಾನ್ ಮೇ ಗಿಟಾರ್: ಆ ಸದ್ದು ಯಾವುದರಲ್ಲಿ ಬಂತು?

ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ಗುಡ್ ಕಂಪನಿ’ ಹಾಡನ್ನು ನಾನು ಮೊದಲ ಸಲ ಕೇಳಿದ್ದು ಹಾಸ್ಟೆಲಿನಲ್ಲಿ, ರೂಮ್‌ಮೇಟ್ ಕೊಟ್ಟ ಹೆಡ್‌ಫೋನಿನಲ್ಲಿ. ಅದರದ್ದು ಒಂದೇ ಕಿವಿ ಕೆಲಸ ಮಾಡುತ್ತಿತ್ತು. ಹಾಡಿನ ಮಧ್ಯೆ ಒಂದು ಹಳೇ ಕಾಲದ ಜಾಜ್ ಬ್ಯಾಂಡ್ ಬರುತ್ತದೆ. ಕ್ಲಾರಿನೆಟ್ ಇದೆ, ಟ್ರಂಪೆಟ್ ಇದೆ, ಟ್ರಾಂಬೋನ್ ಜಾರಿಕೊಂಡು ಕೆಳಗಿಳಿಯುತ್ತದೆ. “ಯಾರೋ ಇದನ್ನ ಊದಿರೋದು?” ಅಂದೆ. “ಯಾರೂ ಊದಿಲ್ಲ ಮಗಾ, ಅಷ್ಟೂ ಗಿಟಾರು.” ಸುಮ್ನೆ ರೈಲು ಬಿಡುತ್ತಿದ್ದಾನೆ ಅಂದುಕೊಂಡೆ.

ಅವನು ಹೇಳಿದ್ದು ನಿಜವಾಗಿತ್ತು. 1975ರ ‘ಎ ನೈಟ್ ಅಟ್ ದಿ ಒಪೆರಾ’ ಆಲ್ಬಮ್ಮಿನ ಈ ಹಾಡಿನಲ್ಲಿ ಊದುವ ವಾದ್ಯ ಒಂದೂ ಇಲ್ಲ. ತಂಡದ ಗಿಟಾರಿಸ್ಟ್ ಬ್ರಯಾನ್ ಮೇ ಒಬ್ಬನೇ ತನ್ನ ಗಿಟಾರನ್ನು ಪದರ ಪದರವಾಗಿ ರೆಕಾರ್ಡ್ ಮಾಡಿ ಇಡೀ ಬ್ಯಾಂಡ್ ಕಟ್ಟಿದ್ದಾನೆ. ಕೆಲವು ಕಡೆ ಒಂದೊಂದೇ ಸ್ವರ ರೆಕಾರ್ಡ್ ಮಾಡಿದ್ದಾನಂತೆ. ಸಿಂಥಸೈಜರ್ ಇರಬಹುದಾ ಅಂದರೆ ಅದೂ ಇಲ್ಲ. ಆ ಕಾಲದ ಕ್ವೀನ್ ಆಲ್ಬಮ್ಮುಗಳ ಕವರಿನಲ್ಲೇ ‘ಸಿಂಥಸೈಜರ್ ಬಳಸಿಲ್ಲ’ ಅಂತ ಬರೆದುಕೊಳ್ಳುತ್ತಿದ್ದರು.

ಕಳೆದ ಒಂದೂವರೆ ವರ್ಷದಿಂದ ನಾನು ಆ ಸದ್ದಿನ ಹಿಂದೆ ಬಿದ್ದಿದ್ದೇನೆ. ಮೂರು ದಾರಿ ನೋಡಿದೆ: ಲ್ಯಾಪ್‌ಟಾಪಿನ ಸಾಫ್ಟ್‌ವೇರ್, ಟ್ರೆಬಲ್ ಬೂಸ್ಟರ್ (ಚುರುಕು ಸದ್ದನ್ನು ಜೋರು ಮಾಡುವ ಡಬ್ಬಿ) ಜೊತೆ ಪುಟ್ಟ ವಾಲ್ವ್ ಆಂಪ್ (ಹಳೇ ಗಾಜಿನ ವಾಲ್ವುಗಳ ಆಂಪ್ಲಿಫೈಯರ್), ಆಮೇಲೆ ಅಪ್ಪನ ಹಳೇ ಟ್ರಾನ್ಸಿಸ್ಟರ್ ರೇಡಿಯೋ. ಮೂರರಲ್ಲೂ ತಂತಿ ಮೀಟಲು ಒಮ್ಮೆ ಪ್ಲಾಸ್ಟಿಕ್ ಪಿಕ್, ಒಮ್ಮೆ ನಾಣ್ಯ.

ಮೊದಲು ಗಿಟಾರಿನ ವಿಷಯ ಹೇಳಿಬಿಡುತ್ತೇನೆ. ಮೇ ನುಡಿಸುವ ‘ರೆಡ್ ಸ್ಪೆಷಲ್’ ಅಂಗಡಿಯಿಂದ ತಂದದ್ದಲ್ಲ. 1963ರಲ್ಲಿ, ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ, ಅಪ್ಪನ ಜೊತೆ ಕೂತು ಮಾಡಲು ಶುರು ಮಾಡಿದ್ದು. ಕತ್ತಿನ ಮರ ಹಳೇ ಬೆಂಕಿಗೂಡಿನ ಚೌಕಟ್ಟಿನದು, ಸ್ಪ್ರಿಂಗು ಹಳೇ ಮೋಟಾರ್ ಬೈಕಿನದು, ಒತ್ತಿ ಶ್ರುತಿ ಜಗ್ಗಿಸುವ ಟ್ರೆಮೊಲೊ ಕಡ್ಡಿಯ ತುದಿಗೆ ಅಮ್ಮನ ಸ್ವೆಟರ್ ಹೆಣೆಯುವ ಕಡ್ಡಿ. ಸದ್ದಿಗೆ ಮುಖ್ಯವಾದದ್ದು ವೈರಿಂಗು. ಮೂರು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿಗಳು) ಸೀರೀಸಿನಲ್ಲಿವೆ, ಅಂದರೆ ಒಂದರ ಹಿಂದೊಂದು, ಒಂದೊಂದಕ್ಕೂ ಆನ್-ಆಫ್ ಬೇರೆ, ಫೇಸ್ (ಸಿಗ್ನಲ್ಲಿನ ಏರಿಳಿತದ ದಿಕ್ಕು) ಉಲ್ಟಾ ಮಾಡುವ ಸ್ವಿಚ್ ಬೇರೆ. ನನ್ನದು ಸ್ಟ್ರಾಟೋಕಾಸ್ಟರ್ ಗಿಟಾರಿನ ನಕಲು, ಅದರಲ್ಲಿ ಪಿಕಪ್ಪುಗಳು ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದವು. ಒಂದು ಭಾನುವಾರ ಎರಡು ಪುಟ್ಟ ಸ್ವಿಚ್ ಹಾಕಿ ಕತ್ತಿನ ಕಡೆಯ ಪಿಕಪ್ಪನ್ನೂ ಮಧ್ಯದ್ದನ್ನೂ ಸೀರೀಸ್ ಮಾಡಿಕೊಂಡೆ, ಮಧ್ಯದ್ದರ ಎರಡು ವೈರ್ ಅದಲು ಬದಲು ಮಾಡಿದರೆ ಫೇಸ್ ಉಲ್ಟಾ. ಸೀರೀಸಿನಲ್ಲಿ ಸದ್ದು ದಪ್ಪ. ಉಲ್ಟಾ ಮಾಡಿದರೆ ನೆಗಡಿ ಆದವರು ಮೂಗಿನಲ್ಲಿ ಹಾಡಿದ ಹಾಗೆ. ಇಷ್ಟಕ್ಕೇ ಅರ್ಧ ದಾರಿ ಬಂದ ಹಾಗಾಯಿತು.

ಲ್ಯಾಪ್‌ಟಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇ ಬಳಸುವ ವಾಕ್ಸ್ ಕಂಪನಿಯ ಎಸಿ30 ಆಂಪ್, ಮುಂದೆ ಟ್ರೆಬಲ್ ಬೂಸ್ಟರ್, ಮೌಸ್ ಒತ್ತಿದರೆ ಎರಡೂ ಪರದೆ ಮೇಲೆ ಬರುತ್ತವೆ. ರಾತ್ರಿ ಹನ್ನೊಂದಕ್ಕೂ ನುಡಿಸಬಹುದು, ಅದು ದೊಡ್ಡ ಅನುಕೂಲ. ಬೇರೆ ವಾದ್ಯಗಳ ಜೊತೆ ಬೆರೆಸಿದರೆ ತೊಂಬತ್ತು ಭಾಗ ಸರಿಯೇ ಇದೆ ಅನ್ನಿಸುತ್ತದೆ. ಒಂಟಿಯಾಗಿ ಕೇಳಿದರೆ ಮಾತ್ರ ಸ್ವರದ ಬಾಲ ಸಪ್ಪೆ. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸದ್ದು ನಿಧಾನಕ್ಕೆ ತಿಳಿಯಾಗಬೇಕು, ನನ್ನ ಸೆಟ್ಟಿಂಗಿನಲ್ಲಿ ಅದು ಬರೀ ಸಣ್ಣಗಾಯಿತು.

ಬೂಸ್ಟರ್ ಕಥೆ ಸ್ವಲ್ಪ ಉದ್ದ. ಮೇಗೆ ಈ ಗುಟ್ಟು ಹೇಳಿಕೊಟ್ಟದ್ದು ಐರ್ಲೆಂಡಿನ ಗಿಟಾರಿಸ್ಟ್ ರೋರಿ ಗ್ಯಾಲಗರ್. ಅವನ ಟೇಸ್ಟ್ ತಂಡದ ಕಾರ್ಯಕ್ರಮ ಮುಗಿದ ಮೇಲೆ ಮೇ ಹೋಗಿ ಕೇಳಿದಾಗ, ವಾಕ್ಸ್ ಎಸಿ30 ಮತ್ತು ಒಂದು ಪುಟ್ಟ ಡಬ್ಬಿ, ಅಷ್ಟೇ ಅಂದನಂತೆ. ಆ ಡಬ್ಬಿ ಡಲ್ಲಾಸ್ ರೇಂಜ್‌ಮಾಸ್ಟರ್. ಒಳಗೆ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರು, 9 ವೋಲ್ಟ್ ಬ್ಯಾಟರಿ. ಒಳಬರುವ ಕಡೆ 0.005 ಮೈಕ್ರೋಫ್ಯಾರಡ್‌ನ ಚಿಕ್ಕ ಕೆಪಾಸಿಟರ್ ಇದ್ದು ಅದೇ ಬೇಸನ್ನು ತಡೆದು ನಿಲ್ಲಿಸುತ್ತದೆ. ಬೇಸ್ ಇಲ್ಲದ ಜೋರು ಸಿಗ್ನಲ್ ಆಂಪಿಗೆ ಹೋದರೆ ಸದ್ದು ಗೊಜ್ಜಾಗದೆ ಒಡೆಯುತ್ತದೆ, ಬೇಕಾದ ಡಿಸ್ಟಾರ್ಶನ್ ಅದೇ.

ಹೊಸದು ಕೊಳ್ಳುವ ಬದಲು ನಾನೇ ಮಾಡೋಣ ಅಂತ ಹೊರಟೆ. ಆನ್‌ಲೈನಿನಲ್ಲಿ ತರಿಸಿದ ‘ಜರ್ಮೇನಿಯಂ’ ಟ್ರಾನ್ಸಿಸ್ಟರ್ ಹತ್ತಕ್ಕೆ ಹತ್ತೂ ಟೋಪಿ. ಮೀಟರ್ ಇಟ್ಟು ನೋಡಿದರೆ 0.6 ವೋಲ್ಟ್ ತೋರಿಸಿತು, ಅಂದರೆ ಸಿಲಿಕಾನ್. ಜರ್ಮೇನಿಯಂ ಆಗಿದ್ದರೆ 0.2, 0.3ರ ಹತ್ತಿರ ಇರಬೇಕು. ಮೇಲಿನ ಅಕ್ಷರ ಮಾತ್ರ ಹೊಸದಾಗಿ ಅಚ್ಚಾಗಿತ್ತು. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎಸಿ128 ಅನ್ನುವ ಜರ್ಮೇನಿಯಂ ಟ್ರಾನ್ಸಿಸ್ಟರ್ ಕೇಳಿದೆ. ಮೂಲೆ ಅಂಗಡಿಯ ಯಜಮಾನರು ಕನ್ನಡಕ ಮೇಲೆ ಮಾಡಿ, “ಎಸಿ128 ಆ? ಈ ಕಾಲದಲ್ಲಿ ಯಾರ್ ಕೇಳ್ತಾರಪ್ಪ ಅದನ್ನ?” ಅನ್ನುತ್ತಾ ಬಿಸ್ಕತ್ ಡಬ್ಬಿ ಕೆಳಗಿಳಿಸಿದರು. ಅದರಲ್ಲಿ ಬೆಳ್ಳಿ ಬಣ್ಣದ ಪುಟ್ಟ ಟೋಪಿಗಳ ಹಾಗೆ ಆರು ಕೂತಿದ್ದವು, ಮೈಮೇಲೆ ಬಿಇಎಲ್ ಗುರುತು. ನಮ್ಮ ಜಾಲಹಳ್ಳಿ ಬಿಇಎಲ್! ಲಂಡನ್ನಿನ ಸದ್ದು ಹುಡುಕಿಕೊಂಡು ಹೊರಟವನಿಗೆ ಸಾಮಾನು ಸಿಕ್ಕಿದ್ದು ಊರಲ್ಲೇ.

ಆರರಲ್ಲಿ ಎರಡು ಚೆನ್ನಾಗಿದ್ದವು. ಒಂದನ್ನು ಹಾಕಿ ನನ್ನ 5 ವಾಟ್ ವಾಲ್ವ್ ಆಂಪಿಗೆ ಜೋಡಿಸಿ ಪೂರ್ತಿ ತಿರುಗಿಸಿದೆ. ಮೊದಲ ಸ್ವರಕ್ಕೇ ಮೈ ಜುಂ ಅಂದಿತು. ಸ್ವರ ನಿಲ್ಲುತ್ತದೆ, ಹಾಡುತ್ತದೆ, ವಾಲ್ಯೂಮ್ ಅರ್ಧಕ್ಕೆ ಇಳಿಸಿದರೆ ಗಾಜಿನ ಹಾಗೆ ತಿಳಿ. ಮೇ ಮಾಡುವುದೂ ಇದನ್ನೇ, ಆಂಪನ್ನು ಕೊನೆಯವರೆಗೆ ತಿರುಗಿಸಿಟ್ಟು ಉಳಿದದ್ದೆಲ್ಲ ಕೈಯಲ್ಲಿ. ತೊಂದರೆ ಎರಡು. ಜರ್ಮೇನಿಯಂಗೆ ಸೆಕೆ ಆಗಿಬರುವುದಿಲ್ಲ. ಬಿಸಿಯಾದಷ್ಟೂ ಕರೆಂಟ್ ಸೋರುತ್ತದೆ, ಏಪ್ರಿಲ್ ಮಧ್ಯಾಹ್ನ ಗಂಟಲು ಕಟ್ಟಿದ ಹಾಗೆ ಕೇಳಿದ್ದು ರಾತ್ರಿ ಸರಿಹೋಯಿತು. ಎರಡನೆಯದು ಮೇಲಿನ ಮನೆ ಆಂಟಿ. “ಏನಪ್ಪಾ, ನಿಮ್ಮ ಮಿಕ್ಸಿ ಕೆಟ್ಟಿದೆಯಾ?”

ಇಷ್ಟೆಲ್ಲಾ ಆಗಿ ನನ್ನ ಕೈಗೆ ಬಂದದ್ದು ಕ್ವೀನ್‌ನದೇ ‘ಬೊಹೆಮಿಯನ್ ರಾಪ್ಸಡಿ’ ಹಾಡಿನ ಗಿಟಾರ್ ಸೋಲೋದ ಜಾತಿಯ ಸದ್ದು. ಕ್ಲಾರಿನೆಟ್ ಬರಲಿಲ್ಲ. ಎಷ್ಟು ತಿಣುಕಿದರೂ ಅದು ಗಿಟಾರೇ.

ಆಗ ಮೂರನೇ ದಾರಿ. ಕ್ವೀನ್‌ನ ಬೇಸ್ ಗಿಟಾರಿಸ್ಟ್ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವನು. 1972ರ ಸುಮಾರಿಗೆ ಕಸದ ರಾಶಿಯಲ್ಲಿ ಸಿಕ್ಕ ಒಂದು ಸರ್ಕ್ಯೂಟ್ ಬೋರ್ಡನ್ನು ಪುಸ್ತಕದ ಶೆಲ್ಫಿನಲ್ಲಿಡುವಂಥ ಸ್ಪೀಕರ್ ಡಬ್ಬಿಗೆ ಹಾಕಿ ಆಂಪ್ ಮಾಡಿಕೊಂಡ. ವಾಲ್ಯೂಮಿಲ್ಲ, ಟೋನಿಲ್ಲ, 9 ವೋಲ್ಟ್ ಬ್ಯಾಟರಿ. ಅದನ್ನು ಬಾಚಿಕೊಂಡದ್ದು ಮೇ. ಅಭಿಮಾನಿಗಳು ಅದಕ್ಕೆ ‘ಡೀಕಿ ಆಂಪ್’ ಅನ್ನುತ್ತಾರೆ, ‘ಗುಡ್ ಕಂಪನಿ’ಯ ಬ್ಯಾಂಡ್ ಹುಟ್ಟಿದ್ದು ಅದರಲ್ಲೇ. ಎಷ್ಟೋ ವರ್ಷದ ಮೇಲೆ ಆ ಬೋರ್ಡು ಒಂದು ಪೋರ್ಟಬಲ್ ರೇಡಿಯೋದ್ದು ಅಂತ ಗೊತ್ತಾಯಿತು. ಒಳಗೆ ಎಸಿ128 ಕೂಡ ಇದೆ. ಇದನ್ನು ಓದಿದ ದಿನ ನನ್ನ ಕಣ್ಣು ಹೋದದ್ದು ಅಟ್ಟದ ಮೇಲಿದ್ದ ಅಪ್ಪನ ಟ್ರಾನ್ಸಿಸ್ಟರಿನ ಕಡೆಗೆ.

“612ರಲ್ಲಿ ಆಕಾಶವಾಣಿ ಇನ್ನೂ ಬರತ್ತೆ ಕಣೋ, ಹಾಳ್ ಮಾಡ್ಬೇಡ” ಅಂದರು ಅಪ್ಪ. ಹಾಳು ಮಾಡಲ್ಲ ಅಂತ ಮಾತು ಕೊಟ್ಟು, ವಾಲ್ಯೂಮ್ ಕಂಟ್ರೋಲಿಗೆ ರೇಡಿಯೋ ಕಡೆಯಿಂದ ಬರುವ ವೈರ್ ಬಿಡಿಸಿ ಮಧ್ಯೆ ಒಂದು ಸ್ವಿಚ್ ಹಾಕಿದೆ. ಒಂದು ಕಡೆ ಆಕಾಶವಾಣಿ, ಇನ್ನೊಂದು ಕಡೆ ನನ್ನ ಬೂಸ್ಟರ್. ರೇಡಿಯೋದ ಸ್ಪೀಕರ್ ಹರಿದಿತ್ತು, ಕೆಟ್ಟ ಟೇಪ್ ರೆಕಾರ್ಡರಿನ ಸ್ಪೀಕರ್ ಡಬ್ಬಿ ಜೋಡಿಸಿದೆ. (ಸೆಲ್ಲಿನಲ್ಲಿ ನಡೆಯುವ ಸೆಟ್ಟು, ಹಾಗಾಗಿ ಧೈರ್ಯ ಮಾಡಿದೆ. ವಾಲ್ವ್ ಆಂಪ್ ಬಿಚ್ಚಿ ಕೈ ಹಾಕಬೇಡಿ, ಪ್ಲಗ್ ಕಿತ್ತಮೇಲೂ ಹೊಡೆಯುತ್ತದೆ.)

ಕತ್ತಿನ ಪಿಕಪ್, ಟೋನ್ ಪೂರ್ತಿ ಕೆಳಗೆ, ಮೊದಲ ತಂತಿಯ ಐದನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿ ಹದಿನೇಳನೇ ಫ್ರೆಟ್ ಮೇಲೆ ಮೀಟಿದೆ. ಕ್ಲಾರಿನೆಟ್! ಬೇಸೂ ಇಲ್ಲ, ಚುರುಕೂ ಇಲ್ಲ, ನಡುವಿನದ್ದು ಮಾತ್ರ ಊದಿಕೊಂಡು ಬರುತ್ತದೆ. ಯಾಕೆ ಅಂತ ಯೋಚಿಸಿದೆ. ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳಲ್ಲಿ ಮೇಲುಗೈ ಬೆಸ ಸಂಖ್ಯೆಯ ಹಾರ್ಮೋನಿಕ್ಕುಗಳದ್ದು (ಮೂಲ ಸ್ವರದ ಜೊತೆ ಏಳುವ, ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಸ್ವರಗಳು): 1, 3, 5, ಹೀಗೆ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಸಮ ಸಂಖ್ಯೆಯವು ಏಳುವುದೇ ಇಲ್ಲ. ಹದಿನೇಳು ಅಂದರೆ ಐದಕ್ಕೆ ಹನ್ನೆರಡು ಸೇರಿಸಿದ ಜಾಗ, ತಂತಿಯ ನಟ್ಟನಡು. ಅದರ ಮೇಲೆ ಆ ರೇಡಿಯೋದ ಜೋಡಿ ಟ್ರಾನ್ಸಿಸ್ಟರ್ ಸಿಗ್ನಲ್ಲಿನ ಮೇಲೂ ಕೆಳಗೂ ಒಂದೇ ಸಮ ಕತ್ತರಿಸುತ್ತದೆ, ಅದೂ ಬೆಸದವನ್ನೇ ಹೆಚ್ಚಿಸುತ್ತದೆ. ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರುಗಳು ತಳವನ್ನೂ ತುದಿಯನ್ನೂ ಸವರಿಬಿಡುತ್ತವೆ. ಟ್ರಂಪೆಟ್ಟಿಗೆ ವಾ ಪೆಡಲನ್ನು (ಕಾಲಿನಲ್ಲಿ ಒತ್ತಿದರೆ ಗಿಟಾರನ್ನು ‘ವಾ’ ಅನ್ನಿಸುವ ಸಾಧನ) ಅರ್ಧ ತೆರೆದಿಟ್ಟು, ಕಿರುಬೆರಳಿನಿಂದ ವಾಲ್ಯೂಮ್ ಏರಿಸಿ ಮೀಟಿದ ಸದ್ದನ್ನು ಮುಚ್ಚಿದರೆ ಆಯಿತು.

ಇನ್ನು ನಾಣ್ಯ. ಮೇ ಪಿಕ್ಕಿನ ಬದಲು ಹಳೇ ಬ್ರಿಟಿಷ್ ಸಿಕ್ಸ್‌ಪೆನ್ಸ್ ಬಳಸುತ್ತಾನೆ, ಸುಮಾರು 19.4 ಮಿಲಿಮೀಟರ್, ಅಂಚಿನಲ್ಲಿ ಹಲ್ಲು ಹಲ್ಲು. ನಮ್ಮ ಹಳೇ ನಾಲ್ಕಾಣೆ, ತಾಮ್ರ-ನಿಕ್ಕಲ್ಲಿನದು, 19 ಮಿಲಿಮೀಟರ್, ಅದಕ್ಕೂ ಹಲ್ಲಿದೆ. ಅಲ್ಲಿ 1980ರಲ್ಲಿ ಚಲಾವಣೆ ನಿಂತದ್ದು ಗಿಟಾರಿಗೆ ಬಂತು, ಇಲ್ಲಿ 2011ರಲ್ಲಿ ನಿಂತದ್ದು ಅಮ್ಮನ ಸಾಸಿವೆ ಡಬ್ಬಿಯಲ್ಲಿತ್ತು. ಒಂದು ರೂಪಾಯಿಯೂ ನೋಡಿದೆ, ದೊಡ್ಡದಾಯಿತು. ನಾಲ್ಕಾಣೆಯನ್ನು ಸ್ವಲ್ಪ ಓರೆಯಾಗಿ, ಸಡಿಲವಾಗಿ ಹಿಡಿದರೆ ಪ್ರತಿ ಸ್ವರದ ಶುರುವಿನಲ್ಲಿ ‘ಚರ್’ ಅನ್ನುತ್ತದೆ, ಮಾತಿಗೆ ಮುಂಚೆ ಬರುವ ಉಸಿರಿನ ಹಾಗೆ. ಲ್ಯಾಪ್‌ಟಾಪಿನಲ್ಲಿ ಅದು ಬರೀ ಕರಕರ. ಬೂಸ್ಟರಿನಲ್ಲಿ ಇದಿಲ್ಲದೆ ಈಗ ನನಗೆ ನುಡಿಸಲು ಮನಸ್ಸಿಲ್ಲ. ಕ್ಲಾರಿನೆಟ್ಟಿಗೆ ಮಾತ್ರ ನಾಣ್ಯ ಬೇಡ, ಬೆರಳೇ ಸಾಕು.

ಮೂರನ್ನೂ ರೆಕಾರ್ಡ್ ಮಾಡಿ, ಯಾವುದು ಯಾವುದು ಅಂತ ಹೇಳದೆ ಹೆಂಡತಿಗೆ ಕೇಳಿಸಿದೆ. ಮೊದಲನೆಯದು, “ಕೀಬೋರ್ಡ್ ಅಲ್ವಾ?” ಎರಡನೆಯದು, “ನಿಮ್ಮ ಗಿಟಾರ್.” ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲೋ ದೂರದ ಛತ್ರದಲ್ಲಿ ವಾಲಗ” ಅಂದಳು. ನನಗೆ ಬೇಕಾಗಿದ್ದ ಸರ್ಟಿಫಿಕೇಟ್ ಅದೇ. ನೀವು ಸೋಲೋ ನುಡಿಸುವವರಾದರೆ ದುಡ್ಡನ್ನು ಬೂಸ್ಟರಿಗೆ ಹಾಕಿ. ಫ್ಲ್ಯಾಟಿನಲ್ಲಿದ್ದರೆ ಲ್ಯಾಪ್‌ಟಾಪ್. ಊದುವ ಸದ್ದೇ ಬೇಕು ಅಂದರೆ ಅಟ್ಟ ಹತ್ತಿ ನೋಡಿ.

ಟ್ರಾಂಬೋನ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಬೆರಳು ಜಾರಿಸುವಾಗ ಫ್ರೆಟ್ಟುಗಳ ಮೆಟ್ಟಿಲು ಕೇಳಿಬಿಡುತ್ತದೆ, ಟ್ರೆಮೊಲೊ ಕಡ್ಡಿ ಒತ್ತಿದರೆ ಶ್ರುತಿ ಹೋಗುತ್ತದೆ. ಮೊನ್ನೆ ಇಪ್ಪತ್ತನೇ ಸಲವೋ ಏನೋ ಪ್ರಯತ್ನ ಮಾಡುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು, “ಅಪ್ಪಾ, ಕರು ಯಾಕೆ ಅಳ್ತಾ ಇದೆ?” ಅಂದಳು.