ಅಶೋಕಾರಿಷ್ಟ, ದಶಮೂಲಾರಿಷ್ಟ: ಮಗು ಬೇಕೆನ್ನುವವರು ಲೇಬಲ್ಲಿನ ಸಣ್ಣಕ್ಷರ ಓದಿ

ಮುಟ್ಟು ಸರಿಹೋಗಿ ಬಸಿರು ನಿಲ್ಲಲಿ ಎಂದು ಅಶೋಕಾರಿಷ್ಟ, ಹೆರಿಗೆಯಾದ ಮೇಲೆ ದಶಮೂಲಾರಿಷ್ಟ. ಗ್ರಂಥಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಈ ಎರಡು ಬಾಟಲಿ ನಮ್ಮ ಮನೆಗಳಲ್ಲಿ ಬರೀ ‘ಟಾನಿಕ್’. ಬಿಯರ್ ಮೂಸಿಯೂ ನೋಡದ ಹೆಣ್ಣುಮಕ್ಕಳು ಇದನ್ನು ದಿನಕ್ಕೆರಡು ಹೊತ್ತು ಕುಡಿಯುತ್ತಾರೆ. ಬಾಟಲಿ ತಿರುಗಿಸಿದರೆ ಸ್ವಯಂಜನಿತ ಆಲ್ಕೋಹಾಲ್ ಎಂಬ ಸಾಲು ಕಾಣುತ್ತದೆ. ಪ್ರಮಾಣ ಸಾಮಾನ್ಯವಾಗಿ ಶೇ. 5ರಿಂದ 10, ಅಂದರೆ ಬಿಯರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಇದು ಹೊರಗಿನಿಂದ ಬೆರೆಸಿದ್ದಲ್ಲ. ತೊಗಟೆ, ಬೇರುಗಳ ಕಷಾಯಕ್ಕೆ ಬೆಲ್ಲ ಕರಗಿಸಿ, ಧಾತಕಿ ಹೂ ಹಾಕಿ ಬಾಯಿ ಕಟ್ಟಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹುಳಿತು ಅರಿಷ್ಟವಾಗುತ್ತದೆ. ಹೂವಿನ ಜೊತೆ ಬಂದ ಯೀಸ್ಟ್ ಬೆಲ್ಲ ತಿಂದು ಆಲ್ಕೋಹಾಲ್ ಬಿಡುತ್ತದೆ. ತಾನಾಗಿ ಹುಟ್ಟಿದ್ದಾದರೂ ಅದು ವಿಸ್ಕಿಯಲ್ಲಿರುವ ಎಥನಾಲ್‌ನಂಥದ್ದಲ್ಲ, ಅದೇ ಎಥನಾಲ್. ಸಮ ನೀರು ಬೆರೆಸಿದರೆ ಘಾಟು ಇಳಿಯುತ್ತದೆ, ಆಲ್ಕೋಹಾಲ್ ಒಂದು ಹನಿಯೂ ಇಳಿಯುವುದಿಲ್ಲ.

ಹೊತ್ತಿಗೆ 30 ಎಂ.ಎಲ್.ನಂತೆ ದಿನಕ್ಕೆ 60 ಎಂ.ಎಲ್. ಕುಡಿದರೆ ಒಳಗೆ ಹೋಗುವ ಎಥನಾಲ್ ಸುಮಾರು 2.4ರಿಂದ 4.7 ಗ್ರಾಂ. 30 ಎಂ.ಎಲ್. ವಿಸ್ಕಿಯಲ್ಲಿರುವುದು 10 ಗ್ರಾಂ. ಕಾಲು ಪೆಗ್ಗಿನಿಂದ ಅರ್ಧ ಪೆಗ್ ಅಂದುಕೊಳ್ಳಿ, ಅದೂ ಪ್ರತಿದಿನ. ಅಳತೆ ಕಪ್ ಬಿಟ್ಟು ಲೋಟಕ್ಕೆ ಸುರಿದುಕೊಳ್ಳುವವರಿಗೆ ಈ ಲೆಕ್ಕವೂ ನಿಲ್ಲದು.

ಗರ್ಭಕ್ಕೆ ಪ್ರಯತ್ನಿಸುತ್ತಿರುವಾಗ ಅಶೋಕಾರಿಷ್ಟ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಕ್ಯಾಲೆಂಡರ್. ಗರ್ಭ ನಿಂತದ್ದು ಗೊತ್ತಾಗುವುದು ಮುಟ್ಟು ತಪ್ಪಿದ ಮೇಲೆ. ಅಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ. ‘ಇನ್ನೊಂದು ಬಾಟಲಿ ಮುಗಿಸಿ ನೋಡೋಣ’ ಅನ್ನುವುದು ಸರಿಯಾಗಿ ಆ ದಿನಗಳಲ್ಲೇ. ಬಸುರಿಗೆ ಇಷ್ಟಾದರೆ ಪರವಾಗಿಲ್ಲ ಎಂಬ ಆಲ್ಕೋಹಾಲ್ ಅಳತೆ ಇಲ್ಲ, ಮೇಲಾಗಿ ಅಶೋಕ ತೊಗಟೆಯೇ ಗರ್ಭಕೋಶದ ಮೇಲೆ ಕೆಲಸ ಮಾಡುವಂಥದ್ದು. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದವರಿಗೆ ಉಳಿದ ಬೆಲ್ಲದ ಸಕ್ಕರೆಯೂ ಹೊರೆ. ಗೊತ್ತಿಲ್ಲದೆ ಕುಡಿದವರು ಗಾಬರಿಯಾಗಬೇಡಿ. ಇವತ್ತೇ ನಿಲ್ಲಿಸಿ, ಎಷ್ಟು ದಿನ ಎಷ್ಟು ಕುಡಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ಇನ್ನೊಂದು ಮಾತು: ಕಾಂಪೌಂಡ್ ಪಕ್ಕ ನೆಟ್ಟಗೆ ಬೆಳೆಯುವ ಸುಳ್ಳು ಅಶೋಕದ ತೊಗಟೆ ಬೆರೆಸುವುದೂ ಇದೆ, ಬಿಡಿಯಾಗಿ ಮಾರುವುದನ್ನಾಗಲಿ, ಹೆಸರಿಲ್ಲದ ಬಾಟಲಿಯನ್ನಾಗಲಿ ತರಲೇಬೇಡಿ.

ದಶಮೂಲಾರಿಷ್ಟದ ಬಗ್ಗೆ ಇಷ್ಟು ಕಟ್ಟುನಿಟ್ಟು ಬೇಡ. ಆದರೆ ರಕ್ತದಲ್ಲಿರುವಷ್ಟೇ ಸಾಂದ್ರತೆಯ ಆಲ್ಕೋಹಾಲ್ ಎದೆಹಾಲಿಗೂ ಇಳಿಯುತ್ತದೆ, 30ರಿಂದ 60 ನಿಮಿಷಕ್ಕೆ ಗರಿಷ್ಠ. ಹಾಗಾಗಿ ಹಾಲೂಡಿಸಿದ ಕೂಡಲೇ ಕುಡಿದು, ಮುಂದಿನ ಹಾಲಿಗೆ ಎರಡು ಗಂಟೆ ಬಿಡಿ. ಎಳೆಗೂಸು ಅಷ್ಟು ಹೊತ್ತು ಕಾಯದಿದ್ದರೆ ದಶಮೂಲ ಚೂರ್ಣದ ಕಷಾಯವೇ ಮೇಲು: ಅವೇ ಹತ್ತು ಬೇರು, ಹುಳಿಸುವ ಹಂತವಿಲ್ಲ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ಅರಿಷ್ಟ ಮುಟ್ಟಬೇಡಿ, ವಾಂತಿ, ಎದೆಬಡಿತ ಬರಬಹುದು.

ಹೆಂಡತಿಗೆ ಅರಿಷ್ಟ ತಂದುಕೊಟ್ಟು, ತಾವು ಸಂಜೆ ಒಂದು ಕ್ವಾರ್ಟರ್ ಮುಗಿಸುವ ಗಂಡಸರು ಇದನ್ನೂ ನೋಡಿ. 180 ಎಂ.ಎಲ್.ನಲ್ಲಿ 60 ಗ್ರಾಂ ಎಥನಾಲ್. ದಿನಾ ಅಷ್ಟು ಕುಡಿದರೆ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ತಗ್ಗುತ್ತದೆ, ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮೂರೂ ಕೆಡಬಹುದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನಷ್ಟು. ಇವತ್ತು ಬಿಟ್ಟರೆ ಲ್ಯಾಬ್ ವರದಿಯಲ್ಲಿ ಕಾಣುವುದು ಮೂರು ತಿಂಗಳಿಗೆ.